ಡ್ರಾಫ್ಟ್ ಆಗದವರ ದಾರಿ: ಅಮೆರಿಕದ ಕಾಲೇಜಿನಿಂದ ಯುರೋಪಿನ ಲೀಗಿಗೆ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಕೊನೆಯ ವರ್ಷದವರಲ್ಲಿ ಹೆಚ್ಚಿನವರ ಆಟ ಅಲ್ಲಿಗೇ ಮುಗಿಯುತ್ತದೆ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲಿನ ದರ್ಜೆಯಾದ ಡಿವಿಷನ್ ಒಂದರಲ್ಲಿ 350ಕ್ಕೂ ಹೆಚ್ಚು ಪುರುಷರ ತಂಡಗಳಿವೆ. ಅತ್ತ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎರಡೂ ಸುತ್ತು ಸೇರಿ ಹೆಚ್ಚೆಂದರೆ 60 ಹೆಸರು, ಅದರಲ್ಲೂ ಒಂದು ಪಾಲು ಯುರೋಪ್ ಮತ್ತು ಆಸ್ಟ್ರೇಲಿಯಾದ ಹುಡುಗರದ್ದು. 30 ತಂಡಗಳು, ತಂಡಕ್ಕೆ 15 ಮಾಮೂಲಿ ಒಪ್ಪಂದ, ಅದರ ಮೇಲೆ 3 ಟೂ-ವೇ ಒಪ್ಪಂದ (ಎನ್‌ಬಿಎ ಮತ್ತು ಅದರ ಕೆಳಗಿನ ಜಿ ಲೀಗ್ ಎರಡರಲ್ಲೂ ಆಡಿಸುವಂಥದ್ದು). ಇಡೀ ಜಗತ್ತಿಗೆ ಅಲ್ಲಿರುವ ಕುರ್ಚಿಗಳು 540. ಆಟವನ್ನೇ ಉದ್ಯೋಗ ಮಾಡಿಕೊಳ್ಳಬೇಕೆನ್ನುವ ಉಳಿದವರು ಹೊರದೇಶದ ಲೀಗುಗಳಿಗೆ ಹೋಗುತ್ತೇವೆ. ಅಲ್ಲಿ ಆಟದಷ್ಟೇ ಮುಖ್ಯವಾಗಿ ಬೇಕಾಗುವುದು ಎರಡು: ಮೊದಲ ಎರಡು ವರ್ಷ ಅಂಗಳದ ಮೇಲೆ ಸಿಗುವ ನಿಮಿಷಗಳು, ಮತ್ತು ಸಹಿ ಹಾಕುವ ಕಾಗದದ ಮೇಲೆ ಹಿಡಿತ. ಸಂಬಳದ ಅಂಕಿ ಇವೆರಡರ ಹಿಂದೆ ಬರುತ್ತದೆ.

ಕಾಲೇಜಿಗೆ ಸೇರುವ ಹಂತದ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆಯಿಂದ ಹೊರಡುವವರು ಎಡವುವುದು ಅಲ್ಲೇ. ಬೆಂಗಳೂರಿನ ಸಂಜನಾ ರಮೇಶ್ ಎನ್‌ಬಿಎ ಅಕಾಡೆಮಿಯ ಶಿಬಿರಗಳ ಹಾದಿಯಲ್ಲಿ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಡಿವಿಷನ್ ಒಂದರ ತಂಡ ಸೇರಿದ ಮೇಲೆ, ಕರ್ನಾಟಕದ ಅಂಗಳಗಳಲ್ಲಿ ಈ ದಾರಿಯ ಬಗ್ಗೆ ಕೇಳುವವರು ಇದ್ದೇ ಇದ್ದಾರೆ. ಎನ್‌ಸಿಎಎ ಅರ್ಹತಾ ಕೇಂದ್ರ ಆಟ ನೋಡುವುದಿಲ್ಲ, ಅಂಕಪಟ್ಟಿ ನೋಡುತ್ತದೆ. ಡಿವಿಷನ್ ಒಂದಕ್ಕೆ 16 ಕೋರ್ ವಿಷಯಗಳು, ಅವುಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಬೇಕು. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕದ ಕಡ್ಡಾಯವನ್ನು 2023ರ ಆರಂಭದಲ್ಲಿ ಕೈಬಿಟ್ಟರು. ಲೆಕ್ಕ ಶುರುವಾಗುವುದು 9ನೇ ತರಗತಿಯಿಂದ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಪಟ್ಟಿ ಜೋಪಾನವಾಗಿಟ್ಟು 9ನೇ ತರಗತಿಯದನ್ನು ಕಳೆದುಕೊಂಡವರು ಆಮೇಲೆ ಶಾಲೆಗೆ ಅಲೆಯುತ್ತಾರೆ. ಕನ್ನಡದಲ್ಲಿರುವ ದಾಖಲೆಗೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಜತೆಗಿರಬೇಕು.

ಹಣದ ವಿಷಯದಲ್ಲಿ ಕಾಲೇಜು ಈಗ ಹಿಂದಿನಂತಿಲ್ಲ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ದುಡಿಯಬಹುದು. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಪಾಲು ಕೊಡುತ್ತಿವೆ. ಆದರೆ ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ದುಡಿಮೆಯ ಮೇಲೆ ಬಿಗಿಯಾದ ಮಿತಿ ಇದೆ. ಸಹ ಆಟಗಾರ ಜಾಹೀರಾತಿಗೆ ಸಹಿ ಮಾಡಿದನೆಂದು ತಾನೂ ಮಾಡಿದರೆ ವೀಸಾಕ್ಕೇ ಕುತ್ತು ಬರಬಹುದು. ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಬೇಕು, ಕೋಚ್‌ನನ್ನಲ್ಲ. ಈ ಹೊಸ ಹಣದ ಪರಿಣಾಮ ಯುರೋಪಿನಲ್ಲೂ ಕಾಣುತ್ತಿದೆ: ಕಾಲೇಜಿನಲ್ಲೇ ಒಳ್ಳೆಯ ಮೊತ್ತ ಸಿಗುವಾಗ ಒಂದು ವರ್ಷ ಹೆಚ್ಚು ಅಲ್ಲೇ ಉಳಿಯುವವರು ಜಾಸ್ತಿ. ಹಾಗಾಗಿ ಯುರೋಪಿಗೆ ಬರುವ ಹೊಸಬರ ವಯಸ್ಸು 22ರಿಂದ 23, 24ಕ್ಕೆ ಏರುತ್ತಿದೆ.

ಕೊನೆಯ ಪಂದ್ಯ ಮುಗಿದ ವಾರದಿಂದಲೇ ಗಡಿಯಾರ ಓಡತೊಡಗುತ್ತದೆ. ಅರ್ಹತೆ ಇರುವ ತನಕ ಏಜೆಂಟ್ ಜತೆ ಸಹಿ ಹಾಕಿ ಕೆಡಿಸಿಕೊಳ್ಳಬಾರದು, ಮುಗಿದ ಮೇಲೆ ತಡಮಾಡಬಾರದು. ಏಪ್ರಿಲ್‌ನಲ್ಲಿ ವರ್ಜೀನಿಯಾದ ಪೋರ್ಟ್ಸ್‌ಮತ್‌ನಲ್ಲಿ ಕೊನೆಯ ವರ್ಷದವರಿಗಾಗಿ ನಡೆಯುವ ಆಹ್ವಾನಿತ ಪಂದ್ಯಾವಳಿಗೆ 64 ಮಂದಿಯನ್ನು ಕರೆಯುತ್ತಾರೆ. ಎನ್‌ಬಿಎ ಸ್ಕೌಟ್‌ಗಳ ಜತೆ ಯುರೋಪಿನ ಕ್ಲಬ್‌ಗಳವರೂ ಅಲ್ಲಿರುತ್ತಾರೆ. ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಆಟಗಾರರನ್ನು ಅಳೆದು ನೋಡುವ ಡ್ರಾಫ್ಟ್ ಕಂಬೈನ್ ಶಿಬಿರ, ಜೂನ್ ಕೊನೆಗೆ ಡ್ರಾಫ್ಟ್, ಜುಲೈನಲ್ಲಿ ಎನ್‌ಬಿಎ ತಂಡಗಳು ಹೊಸಬರನ್ನು ಆಡಿಸಿ ನೋಡುವ ಲಾಸ್ ವೇಗಾಸ್ ಸಮ್ಮರ್ ಲೀಗ್. ಯುರೋಪಿನ ಮಧ್ಯಮ ದರ್ಜೆಯ ಕ್ಲಬ್‌ಗಳು ಹೊಸಬರನ್ನು ತೆಗೆದುಕೊಳ್ಳುವುದು ಜೂನ್‌ನಿಂದ ಆಗಸ್ಟ್ ಆರಂಭದ ತನಕ. ಸಮ್ಮರ್ ಲೀಗ್ ಮುಗಿಯಲಿ ಎಂದು ಕಾದು ಕೂತರೆ ಒಳ್ಳೆಯ ಕ್ಲಬ್‌ಗಳ ಜಾಗ ತುಂಬಿಹೋಗಿರುತ್ತದೆ. ಸಮ್ಮರ್ ಲೀಗ್ ತಂಡದಲ್ಲಿ ನಿಮಿಷಗಳೇ ಸಿಗುವ ನಂಬಿಕೆ ಇಲ್ಲದಿದ್ದರೆ ಅದಕ್ಕಾಗಿ ಕಾಯುವುದು ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ.

ಏಜೆಂಟ್ ವಿಷಯ. ಹೊರದೇಶಕ್ಕೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ಪರವಾನಗಿ ಇರುವ ಏಜೆಂಟ್ ಬೇಕು, ಅದಕ್ಕೆ ಪರೀಕ್ಷೆ ಇದೆ, ಪರವಾನಗಿದಾರರ ಪಟ್ಟಿ ಬಹಿರಂಗವಾಗಿ ಸಿಗುತ್ತದೆ. ಯುರೋಪಿನಲ್ಲಿ ರೂಢಿಯ ಪ್ರಕಾರ ಏಜೆಂಟ್ ಕಮಿಷನ್ 10 ಪ್ರತಿಶತ, ಅದನ್ನು ಕೊಡುವುದು ಕ್ಲಬ್. ಅಮೆರಿಕದ ಏಜೆಂಟ್ ಮತ್ತು ಆ ದೇಶದ ಸ್ಥಳೀಯ ಏಜೆಂಟ್ ಅದನ್ನು ಹಂಚಿಕೊಳ್ಳುತ್ತಾರೆ. ಆಟಗಾರನಿಂದಲೇ ಮುಂಗಡ ಕೇಳುವವನು, "ಯುರೋಪಿನ ಕೋಚ್‌ಗಳು ಬರುತ್ತಾರೆ" ಎಂದು ನೂರಾರು ಡಾಲರ್ ವಸೂಲಿ ಮಾಡಿ ಕ್ಯಾಂಪ್ ನಡೆಸುವವನು, ಇಬ್ಬರಿಂದಲೂ ದೂರವಿರಬೇಕು. ಒಂದೇ ದೇಶದ ಮಾರುಕಟ್ಟೆಯಲ್ಲಿ ಇಬ್ಬರು ಏಜೆಂಟರಿಗೆ ಒಪ್ಪಿಗೆ ಕೊಡುವುದು ಇನ್ನೊಂದು ದೊಡ್ಡ ತಪ್ಪು. ಒಂದೇ ಕ್ಲಬ್‌ಗೆ ಇಬ್ಬರೂ ನಿಮ್ಮ ಹೆಸರು ಕಳಿಸಿದರೆ ಕ್ಲಬ್ ಜಗಳದಲ್ಲಿ ಬೀಳಲು ಇಷ್ಟಪಡದೆ ಮುಂದಿನ ಹೆಸರಿಗೆ ಹೋಗುತ್ತದೆ.

ವಿಡಿಯೊ ಮೂರರಿಂದ ಐದು ನಿಮಿಷ ಸಾಕು. ಮೊದಲ ಅರ್ಧ ನಿಮಿಷದಲ್ಲೇ ನಿಮ್ಮ ಕೆಲಸ ಏನೆಂದು ಗೊತ್ತಾಗಬೇಕು: ಮೂಲೆಯಿಂದ ಮೂರು ಅಂಕದ ಶಾಟ್ ಹಾಕುವವರೋ, ಪಿಕ್ ಅಂಡ್ ರೋಲ್ (ಸಹ ಆಟಗಾರ ಅಡ್ಡ ನಿಂತು ದಾರಿ ಮಾಡಿಕೊಡುವ ಆಟ) ನಡೆಸುವವರೋ, ರಿಮ್ (ಬುಟ್ಟಿಯ ಬಳೆ) ಕಾಯುವವರೋ. ಡಂಕ್‌ಗಳ ಸರಮಾಲೆ ನೋಡಿ ಯಾವ ಕೋಚ್ ಕೂಡ ಸಹಿ ಮಾಡಿಸುವುದಿಲ್ಲ. ಪಿಕ್ ಅಂಡ್ ರೋಲ್ ವಿರುದ್ಧ ನಿಮ್ಮ ರಕ್ಷಣೆ ತೋರಿಸುವ ಹತ್ತು ತುಣುಕು ಇರಲಿ. ಜತೆಗೆ ಎರಡು ಪೂರ್ತಿ ಪಂದ್ಯದ ಕೊಂಡಿ ಕೊಡಬೇಕು. ಅದರಲ್ಲಿ ಒಂದು ಬಲವಾದ ತಂಡದ ಎದುರು ಆಡಿದ್ದು, ಸೋತಿದ್ದರೂ ಸರಿ. ಕೋಚ್‌ಗಳ ಬಳಿ ಪಂದ್ಯಗಳ ವಿಡಿಯೊ ಒದಗಿಸುವ ಸಿನರ್ಜಿಯಂಥ ಸೇವೆಗಳಿರುವುದರಿಂದ ನೀವು ಅಡಗಿಸಿದ್ದು ಅವರಿಗೆ ಹೇಗೂ ಸಿಗುತ್ತದೆ. ಎತ್ತರವನ್ನು ಶೂ ಇಲ್ಲದೆ ಅಳೆದು ಬರೆಯಿರಿ. ಬಂದಿಳಿದ ದಿನ ಎರಡು ಇಂಚು ಕಡಿಮೆ ಬಂದರೆ ಆ ಸುಳ್ಳಿನ ನೆರಳು ವರ್ಷವಿಡೀ ಉಳಿಯುತ್ತದೆ. ಎಲ್ಲಕ್ಕಿಂತ ಮೇಲೆ, ನಿಮ್ಮ ಪರಿಚಯದ ಹಾಳೆಯ ಮೊದಲ ಸಾಲಿನಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಬರೆದಿರಬೇಕು.

ಏಕೆಂದರೆ ಈ ಮಾರುಕಟ್ಟೆ ನಿಂತಿರುವುದೇ ಪಾಸ್‌ಪೋರ್ಟ್ ಮೇಲೆ. ಜರ್ಮನಿಯನ್ನೇ ತೆಗೆದುಕೊಳ್ಳೋಣ, ಕಾಲೇಜಿನಿಂದ ಬರುವ ಹೊಸಬರಿಗೆ ನಾವು ಮೊದಲು ಸೂಚಿಸುವ ದೇಶ ಅದು. ಮೊದಲ ದರ್ಜೆಯ ಬುಂಡೆಸ್‌ಲೀಗಾದಲ್ಲಿ 12 ಜನರ ಪಟ್ಟಿಯಲ್ಲಿ ಕನಿಷ್ಠ 6 ಜರ್ಮನ್ನರಿರಬೇಕು. ಅಂದರೆ ವಿದೇಶಿಯರಿಗೆ ಉಳಿಯುವುದು 6 ಜಾಗ. ಎರಡನೇ ದರ್ಜೆಯ ಪ್ರೋ-ಎ ಲೀಗ್‌ನಲ್ಲಿ ಅಂಗಳದ ಮೇಲೆ ಯಾವಾಗಲೂ ಕನಿಷ್ಠ ಇಬ್ಬರು ಜರ್ಮನ್ನರು ಇರಲೇಬೇಕು. ಕೊರಿಯಾ, ಜಪಾನ್‌ಗಳಲ್ಲಿ ವಿದೇಶಿಯರ ಮಿತಿ ಇನ್ನೂ ಬಿಗಿ. ಅಲ್ಲಿ ಆ ಜಾಗ ಹೆಚ್ಚಾಗಿ ಎತ್ತರದ ಒಳ ಆಟಗಾರರಿಗೆ ಹೋಗುತ್ತದೆ, ಗಾರ್ಡ್‌ಗಳು (ಚೆಂಡು ನಡೆಸುವ ಹೊರ ಆಟಗಾರರು) ಸ್ಥಳೀಯವಾಗಿಯೇ ಸಿಗುವುದರಿಂದ. ಆರು ಅಡಿ ಎತ್ತರದ ಹೊಸ ಗಾರ್ಡ್ ಜಪಾನ್ ಸಂಬಳದ ಕನಸು ಕಾಣುವುದರಲ್ಲಿ ಅರ್ಥವಿಲ್ಲ.

ಭಾರತದ ಪಾಸ್‌ಪೋರ್ಟ್ ಯುರೋಪಿನಲ್ಲಿ ವಿದೇಶಿ ಜಾಗವನ್ನೇ ತಿನ್ನುತ್ತದೆ, ಅಮೆರಿಕದವರಂತೆಯೇ. ಆದ್ದರಿಂದ ಸ್ಪರ್ಧೆ ನೇರವಾಗಿ ಅಮೆರಿಕದ ಕಾಲೇಜುಗಳ ಅತ್ಯುತ್ತಮರ ಜತೆ. ಏಷ್ಯಾ ಕಡೆ ಸ್ವಲ್ಪ ದಾರಿ ಇದೆ. ಅಮ್‌ಜ್ಯೋತ್ ಸಿಂಗ್ ಮತ್ತು ಅಮೃತ್‌ಪಾಲ್ ಸಿಂಗ್ ಜಪಾನಿನಲ್ಲಿ ಆಡಿದವರು. ಆಮೇಲೆ ಅಮೃತ್‌ಪಾಲ್ 2017-18ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್‌ಗೆ ಆಡಿದರು, ಅಮ್‌ಜ್ಯೋತ್ ಅದೇ ಋತುವಿನಲ್ಲಿ ಅಮೆರಿಕದ ಜಿ ಲೀಗ್ ಮುಟ್ಟಿದರು. ಆಸ್ಟ್ರೇಲಿಯಾದ ಎನ್‌ಬಿಎಲ್‌ನಲ್ಲಿ ಏಷ್ಯಾ-ಓಷಿಯಾನಿಯಾದ ಆಟಗಾರನನ್ನು ವಿದೇಶಿ ಲೆಕ್ಕಕ್ಕೆ ಸೇರಿಸದೆ ವಿಶೇಷ ವರ್ಗದಲ್ಲಿ ತೆಗೆದುಕೊಳ್ಳುವ ಅವಕಾಶ ಈಗ ಇದೆ. ಭಾರತದ ಪಾಸ್‌ಪೋರ್ಟ್ ಇರುವವರು ಯುರೋಪಿಗಿಂತ ಮೊದಲು ಅತ್ತ ನೋಡುವುದು ಜಾಣತನ. ಇನ್ನು ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ಭಾರತಕ್ಕೆ ಆಡಬಹುದೆಂದು ಹಲವರು ನಂಬಿದ್ದಾರೆ. ಆಗುವುದಿಲ್ಲ, ಒಸಿಐ ಎಂದರೆ ಪೌರತ್ವವಲ್ಲ.

ಜಿ ಲೀಗೋ ಯುರೋಪೋ ಎಂಬ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. ಜಿ ಲೀಗ್‌ನ ಮಾಮೂಲಿ ಸಂಬಳ 2024-25ರ ಋತುವಿಗೆ 43,000 ಡಾಲರ್ ಇತ್ತು, ಅದರಲ್ಲಿ ತೆರಿಗೆ ಕಳೆಯಬೇಕು. ಎಕ್ಸಿಬಿಟ್ 10 ಎಂಬ ಒಪ್ಪಂದದಲ್ಲಿ ಎನ್‌ಬಿಎ ಶಿಬಿರಕ್ಕೆ ಹೋಗಿ, ಕೈಬಿಟ್ಟ ಮೇಲೆ ಅದೇ ಸಂಸ್ಥೆಯ ಜಿ ಲೀಗ್ ತಂಡದಲ್ಲಿ 60 ದಿನ ಉಳಿದರೆ ಬೋನಸ್ ಸಿಗುತ್ತದೆ. ಹಾಗೆ ಬಂದವರಿಗೆ ಜಿ ಲೀಗ್ ಲೆಕ್ಕಾಚಾರ ಸರಿಹೋಗುತ್ತದೆ. ಬರೀ ಜಿ ಲೀಗ್ ಡ್ರಾಫ್ಟ್‌ನಲ್ಲಿ ಆಯ್ಕೆಯಾಗಿ, ಬೆಂಚಿನ ಒಂಬತ್ತನೆಯವರಾಗಿ ಕೂರುವುದಾದರೆ ಯುರೋಪಿನ ಎರಡನೇ ದರ್ಜೆಯಲ್ಲಿ ಪಂದ್ಯಕ್ಕೆ 30 ನಿಮಿಷ ಆಡುವುದು ಮೇಲು. ಕೆಳ ದರ್ಜೆಯ ಲೀಗುಗಳಲ್ಲಿ ಹೊಸಬನ ಕೈಗೆ ಬರುವುದು ಸಾಮಾನ್ಯವಾಗಿ ತಿಂಗಳಿಗೆ ಒಂದೆರಡು ಸಾವಿರ ಡಾಲರ್, ಮೇಲೆ ಮನೆ. ನೋಡಲು ಕಡಿಮೆ. ಆದರೆ ಮುಂದಿನ ಬೇಸಿಗೆಯಲ್ಲಿ ಕ್ಲಬ್‌ಗಳು ಕೇಳುವುದು "ಎಷ್ಟು ನಿಮಿಷ ಆಡಿದೆ, ಏನು ಮಾಡಿದೆ" ಎಂದೇ ಹೊರತು "ಎಷ್ಟು ಸಂಬಳ ಇತ್ತು" ಎಂದಲ್ಲ. ಮೈಕ್ ಜೇಮ್ಸ್ 2012ರಲ್ಲಿ ಲಮಾರ್ ವಿಶ್ವವಿದ್ಯಾಲಯದಿಂದ ಡ್ರಾಫ್ಟ್ ಆಗದೆ ಹೊರಬಂದವರು. ಇಟಲಿಯ ಕೆಳ ದರ್ಜೆಯ ಒಮೆಗ್ನಾ ತಂಡಕ್ಕೂ ಆಡಿದ್ದಾರೆ. ಅವರೇ ಆಮೇಲೆ ಯುರೋಪಿನ ಅಗ್ರ ಕ್ಲಬ್ ಲೀಗ್ ಆದ ಯೂರೋಲೀಗ್‌ನ ಇತಿಹಾಸದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರಾದರು, 2023-24ರಲ್ಲಿ ಆ ಲೀಗ್‌ನ ಎಂವಿಪಿ (ಋತುವಿನ ಶ್ರೇಷ್ಠ ಆಟಗಾರ) ಕೂಡ. ಪಿ. ಜೆ. ಟಕರ್ 2006ರಲ್ಲಿ 35ನೆಯವರಾಗಿ ಡ್ರಾಫ್ಟ್ ಆಗಿ, ಒಂದೇ ಋತುವಿನಲ್ಲಿ ಎನ್‌ಬಿಎ ಬಾಗಿಲು ಮುಚ್ಚಿಕೊಂಡು, ಇಸ್ರೇಲ್, ಉಕ್ರೇನ್, ಗ್ರೀಸ್, ಇಟಲಿ, ಜರ್ಮನಿ ಸುತ್ತಿದರು. ಬ್ಯಾಂಬರ್ಗ್ ತಂಡದ ಜತೆ ಜರ್ಮನ್ ಪ್ರಶಸ್ತಿ ಗೆದ್ದು 2012ರಲ್ಲಿ ಫೀನಿಕ್ಸ್ ಸನ್ಸ್ ಸೇರಿದರು, 2021ರಲ್ಲಿ ಮಿಲ್ವಾಕಿ ಜತೆ ಎನ್‌ಬಿಎ ಚಾಂಪಿಯನ್ ಆದರು. ಇಬ್ಬರೂ ಮೇಲೇರಿದ್ದು ಹೊರದೇಶದ ಅಂಗಳಗಳಲ್ಲಿ ಆಡಿಯೇ.

ಈಗ ಒಪ್ಪಂದ. ಇದನ್ನು ನಿಧಾನವಾಗಿ ಓದಿ, ಏಕೆಂದರೆ ಮೊಣಕಾಲು ಮುರಿದು ಮನೆಗೆ ಹೋದವರಿಗಿಂತ ಕಾಗದ ಸರಿಯಿಲ್ಲದೆ ಮನೆಗೆ ಹೋದವರು ಕಡಿಮೆಯೇನಿಲ್ಲ.

ಸಂಬಳ "ನೆಟ್" ಎಂದು ಬರೆದಿರಬೇಕು, ಅಂದರೆ ಆ ದೇಶದ ತೆರಿಗೆಯನ್ನು ಕ್ಲಬ್ಬೇ ಕಟ್ಟಿ ನಿಮ್ಮ ಕೈಗೆ ಬರುವ ಮೊತ್ತ. ಸಾಮಾನ್ಯವಾಗಿ ಆಗಸ್ಟ್‌ನಿಂದ ಮೇ ತನಕ 10 ಕಂತು. ಪ್ರತಿ ಕಂತಿಗೂ ತಾರೀಖು ಬರೆದಿರಬೇಕು. "ತಿಂಗಳ ಕೊನೆಗೆ" ಎಂದಿದ್ದರೆ ತಡವಾಯಿತೆಂದು ಸಾಧಿಸುವುದು ಕಷ್ಟ. ಕಂತು ಇಂತಿಷ್ಟು ದಿನ, ಹೆಚ್ಚಾಗಿ 30 ದಿನ, ತಡವಾದರೆ ಒಪ್ಪಂದ ಮುರಿದು ಉಳಿದ ಹಣ ಕೇಳುವ ಹಕ್ಕು ಆಟಗಾರನಿಗಿದೆ ಎಂಬ ಷರತ್ತು ಕಡ್ಡಾಯ. "ಪೂರ್ತಿ ಖಾತರಿ" ಎಂಬ ಮಾತಿನ ಜತೆಗೆ ಗಾಯವಾದರೂ, ಆಟ ಕೆಟ್ಟರೂ ಸಂಬಳ ನಿಲ್ಲುವುದಿಲ್ಲ ಎಂದು ಬಿಡಿಸಿ ಬರೆಸಿ. ಬಂದ ಮೇಲೆ 10 ದಿನ ನೋಡಿ ನಿರ್ಧರಿಸುತ್ತೇವೆ ಎನ್ನುವ ಟ್ರೈಔಟ್ ಷರತ್ತು ಇದ್ದರೆ ಅದು ಒಪ್ಪಂದವೇ ಅಲ್ಲ, ವಿಮಾನದ ಟಿಕೆಟ್ ಅಷ್ಟೇ. ವೈದ್ಯಕೀಯ ಪರೀಕ್ಷೆ ಬಂದಿಳಿದ 48ರಿಂದ 72 ಗಂಟೆಯೊಳಗೆ ನಡೆಯಬೇಕು. ಆ ಅವಧಿಯಲ್ಲಿ ಕ್ಲಬ್ ಪರೀಕ್ಷೆ ಮಾಡಿಸದಿದ್ದರೆ ಪಾಸಾದಂತೆಯೇ ಎಂಬ ಸಾಲು ಇರಲಿ. ಈ ಸಾಲಿಲ್ಲದ ಒಪ್ಪಂದದಲ್ಲಿ ನಾಲ್ಕನೇ ವಾರ ಸೋತ ತಂಡಕ್ಕೆ ನಿಮ್ಮ ಹಳೆಯ ಮಂಡಿನೋವು ಇದ್ದಕ್ಕಿದ್ದಂತೆ ನೆನಪಾಗುತ್ತದೆ.

ಮನೆ ಎಂದರೆ ಒಬ್ಬರಿಗೇ, ಪೀಠೋಪಕರಣ, ಇಂಟರ್ನೆಟ್, ಕರೆಂಟು-ನೀರಿನ ಬಿಲ್ಲು ಸಮೇತ ಎಂದು ಬರೆಸಬೇಕು. ಜರ್ಮನಿಯಂಥ ಕಡೆ ಚಳಿಗಾಲದ ಹೀಟಿಂಗ್ ಬಿಲ್ಲೇ ಒಂದು ದೊಡ್ಡ ಬಾಬ್ತು. ಕಾರು ಕೊಡುವುದಾದರೆ ವಿಮೆ ಯಾರದು, ಅಪಘಾತವಾದರೆ ನಿಮ್ಮ ಪಾಲೆಷ್ಟು ಎಂದು ಕೇಳಿ. ಹೋಗಿಬರುವ ಟಿಕೆಟ್ ಎರಡು ಜತೆ ಸಿಗುವುದು ರೂಢಿ. ದಂಡದ ಗರಿಷ್ಠ ಮಿತಿ ಬರೆದಿರಲಿ. ಕೆಲವು ದೇಶಗಳಲ್ಲಿ ಸಂಬಳವನ್ನು ಎರಡಾಗಿ ಒಡೆದು ಒಂದನ್ನು ಆಟದ ಒಪ್ಪಂದ, ಇನ್ನೊಂದನ್ನು ಚಿತ್ರಹಕ್ಕಿನ ಒಪ್ಪಂದ ಎಂದು ಮಾಡುತ್ತಾರೆ. ಎರಡರಲ್ಲೂ ಒಂದನ್ನು ಮುರಿದರೆ ಇನ್ನೊಂದೂ ಮುರಿದಂತೆ ಎಂದಿರಬೇಕು, ಇಲ್ಲದಿದ್ದರೆ ಅರ್ಧ ಹಣಕ್ಕೆ ಹಿಡಿತವೇ ಇರುವುದಿಲ್ಲ. ಸ್ಥಳೀಯ ಭಾಷೆಯ ಪ್ರತಿ ಮತ್ತು ಇಂಗ್ಲಿಷ್ ಪ್ರತಿ ಬೇರೆ ಬೇರೆ ಹೇಳಿದರೆ ಇಂಗ್ಲಿಷ್ ಪ್ರತಿಯೇ ಅಂತಿಮ ಎಂಬ ಸಾಲನ್ನೂ ಬಿಡಬೇಡಿ.

ಕೊನೆಯಲ್ಲಿ ಬರುವ ವ್ಯಾಜ್ಯದ ಷರತ್ತು ಎಲ್ಲದರ ಬೇರು. ಫಿಬಾ 2007ರಲ್ಲಿ ಶುರುಮಾಡಿದ, ಈಗ ಬಿಎಟಿ ಎಂದು ಕರೆಯುವ ಬಾಸ್ಕೆಟ್‌ಬಾಲ್ ಮಧ್ಯಸ್ಥಿಕೆ ಮಂಡಳಿಯ ಪೀಠ ಜಿನೀವಾದಲ್ಲಿದೆ. ಒಪ್ಪಂದದಲ್ಲಿ ಅದರ ಹೆಸರಿದ್ದರೆ ಮಾತ್ರ ಅಲ್ಲಿಗೆ ಹೋಗಬಹುದು. ವಿಚಾರಣೆ ಇಂಗ್ಲಿಷ್‌ನಲ್ಲಿ, ಒಬ್ಬರೇ ಮಧ್ಯಸ್ಥರು, ಯಾವುದೋ ಒಂದು ದೇಶದ ಕಾನೂನಿಗಿಂತ ನ್ಯಾಯ-ಸಮತೆಯ ದೃಷ್ಟಿಯಿಂದ ತೀರ್ಪು. ತೀರ್ಪಿನಂತೆ ಕೊಡದ ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಬಾ ತಡೆಯಬಲ್ಲದು. ಕ್ಲಬ್‌ಗಳಿಗೆ ಇದರಷ್ಟು ಹೆದರಿಕೆ ಬೇರೆ ಯಾವುದಕ್ಕೂ ಇಲ್ಲ. ಬಿಎಟಿ ಬದಲು "ಸ್ಥಳೀಯ ನ್ಯಾಯಾಲಯ" ಎಂದು ಬರೆದ ಒಪ್ಪಂದಕ್ಕೆ ಹೊಸಬ ಸಹಿ ಹಾಕಬಾರದು, ಸಂಬಳ ಎಷ್ಟೇ ಇರಲಿ.

ಇಷ್ಟೆಲ್ಲ ಬರೆಸಿಕೊಂಡ ಮೇಲೂ ಹಕ್ಕು ಕಳೆದುಕೊಳ್ಳುವವರು ಇದ್ದಾರೆ. ಎರಡು ತಿಂಗಳು ಸಂಬಳ ಬಾರದೆ ಸಿಟ್ಟಿಗೆದ್ದು ಅಭ್ಯಾಸಕ್ಕೆ ಹೋಗದೆ ವಿಮಾನ ಹತ್ತಿಬಿಡುವುದು. ಆಗ ಒಪ್ಪಂದ ಮುರಿದವನು ಆಟಗಾರ ಎಂದು ಕ್ಲಬ್ ವಾದಿಸುತ್ತದೆ. ಮೊದಲು ಇಮೇಲ್‌ನಲ್ಲಿ ಬಾಕಿ ಎಷ್ಟು, ಯಾವ ಕಂತಿನದು, ಯಾವ ತಾರೀಖಿನೊಳಗೆ ಕೊಡಬೇಕು ಎಂದು ಬರೆಯಬೇಕು. ಒಪ್ಪಂದದ ಗಡುವು ದಾಟಿದ ಮೇಲೆ ಬರವಣಿಗೆಯಲ್ಲೇ ಮುರಿಯಬೇಕು. ಅಲ್ಲಿಯವರೆಗೆ ಅಭ್ಯಾಸ, ಪಂದ್ಯ ಒಂದನ್ನೂ ತಪ್ಪಿಸಬಾರದು. ಬ್ಯಾಂಕ್ ಲೆಕ್ಕ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲವೂ ಸಾಕ್ಷಿ. ನಗದಾಗಿ ಕೊಟ್ಟರೆ ಅಂದೇ ಇಮೇಲ್ ಕಳಿಸಿ ಮೊತ್ತ ದಾಖಲಿಸಿ.

ಸಹಿ ಆದ ಮೇಲೆ ಎರಡು ಕಾಗದ ಒಟ್ಟಿಗೆ ಓಡಬೇಕು. ಒಂದು ಫಿಬಾದ ಲೆಟರ್ ಆಫ್ ಕ್ಲಿಯರೆನ್ಸ್. ನೀವು ಕೊನೆಗೆ ನೋಂದಾಯಿತರಾಗಿದ್ದ ದೇಶದ ಒಕ್ಕೂಟ ಹೊಸ ದೇಶದ ಒಕ್ಕೂಟಕ್ಕೆ ಕೊಡುವ ಪತ್ರ ಇದು. ಹಳೆಯ ಕ್ಲಬ್ ಜತೆ ಒಪ್ಪಂದ ಇನ್ನೂ ಜಾರಿಯಲ್ಲಿದ್ದರೆ ಮಾತ್ರ ತಡೆಯಬಹುದು, ಬೇರೆ ಕಾರಣಕ್ಕಲ್ಲ. ಋತುವಿನ ಮಧ್ಯೆ ಕ್ಲಬ್ ಬದಲಿಸುವಾಗ ಬಿಡುಗಡೆ ಪತ್ರಕ್ಕೆ ಕ್ಲಬ್‌ನ ಸಹಿ ಮತ್ತು ಮುದ್ರೆ ಪಡೆಯದೆ ಊರು ಬಿಡಬೇಡಿ. ಆಮೇಲೆ ಫೋನ್ ಎತ್ತುವವರು ಸಿಗುವುದಿಲ್ಲ.

ಇನ್ನೊಂದು ವೀಸಾ, ಇಲ್ಲಿ ನಮ್ಮವರಿಗೂ ಅಮೆರಿಕದವರಿಗೂ ದೊಡ್ಡ ಅಂತರ. ಅಮೆರಿಕದ ಪಾಸ್‌ಪೋರ್ಟ್‌ನವರು ವೀಸಾ ಇಲ್ಲದೆ ಜರ್ಮನಿಗೆ ಇಳಿದು ಅಲ್ಲೇ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಭಾರತದ ಪಾಸ್‌ಪೋರ್ಟ್‌ನವರು ಹೊರಡುವ ಮೊದಲೇ ರಾಷ್ಟ್ರೀಯ ಡಿ ವೀಸಾ ಪಡೆಯಬೇಕು. ವೃತ್ತಿಪರ ಕ್ರೀಡಾಪಟುವಿಗೆ ಜರ್ಮನ್ ನಿಯಮ ಕನಿಷ್ಠ ಸಂಬಳವನ್ನೂ ಕೇಳುತ್ತದೆ: ಪಿಂಚಣಿ ವಿಮೆಯ ಗರಿಷ್ಠ ಲೆಕ್ಕದ ಮೊತ್ತದ ಅರ್ಧ. 2025ರಲ್ಲಿ ಅದು ತೆರಿಗೆಗೆ ಮುಂಚೆ ತಿಂಗಳಿಗೆ 4,025 ಯೂರೋ ಇತ್ತು. ಕ್ರೀಡಾ ಒಕ್ಕೂಟ ಆಟಗಾರನ ಮಟ್ಟವನ್ನು ದೃಢೀಕರಿಸಬೇಕು. ಚಿಕ್ಕ ಕ್ಲಬ್‌ಗಳು ಅಷ್ಟು ಕೊಡಲಾರದೆ ಕೊನೆಗಳಿಗೆಯಲ್ಲಿ ಹಿಂದೆ ಸರಿಯುವುದುಂಟು, ಹಾಗಾಗಿ ಮಾತುಕತೆಯ ಮೊದಲ ದಿನವೇ ಈ ಅಂಕಿ ಕೇಳಿಬಿಡಿ. ಅಮೆರಿಕದಲ್ಲಿ ಓದು ಮುಗಿಸಿದವರಿಗೆ ಎಫ್-1 ಅವಧಿ ಮುಗಿದ ಮೇಲೆ 60 ದಿನ ಮಾತ್ರ ಅಲ್ಲಿರಲು ಅವಕಾಶ. ಮೇ ತಿಂಗಳಲ್ಲಿ ಪದವಿ, ಜುಲೈ ಮಧ್ಯದಲ್ಲಿ ಒಪ್ಪಂದ ಎಂದಾದರೆ ಅಲ್ಲಿಂದಲೇ ವೀಸಾ ಅರ್ಜಿಗೆ ಸಮಯ ಸಾಲದು. ಊರಿಗೆ ಬಂದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಮೂಲಕ ಹಾಕಬೇಕಾಗುತ್ತದೆ. ಪೊಲೀಸ್ ಕ್ಲಿಯರೆನ್ಸ್, ಪದವಿ ಪತ್ರಕ್ಕೆ ವಿದೇಶಾಂಗ ಇಲಾಖೆಯ ಅಪಾಸ್ಟಿಲ್, ಇವನ್ನು ಕೇಳುವ ದೇಶಗಳು ಹಲವು. ಒಪ್ಪಂದ ಬರುವ ಮೊದಲೇ ಸಿದ್ಧವಿಟ್ಟುಕೊಂಡವರು ಆಗಸ್ಟ್ ಶಿಬಿರಕ್ಕೆ ಸರಿಯಾಗಿ ಇಳಿಯುತ್ತಾರೆ. ಉಳಿದವರು ಸೆಪ್ಟೆಂಬರ್ ಕೊನೆಗೆ ಬರುವಷ್ಟರಲ್ಲಿ ಅವರ ಜಾಗದಲ್ಲಿ ಬೇರೊಬ್ಬರು ಅಭ್ಯಾಸ ಮಾಡುತ್ತಿರುತ್ತಾರೆ.

ವೈದ್ಯಕೀಯ ಪರೀಕ್ಷೆಯಲ್ಲಿ ಮಂಡಿಯ ಎಂಆರ್‌ಐ, ಹೃದಯದ ಎಕೋ ಸಾಮಾನ್ಯ. ಇಟಲಿಯಲ್ಲಿ ಹೃದಯ ಪರೀಕ್ಷೆ ಬಹಳ ಕಟ್ಟುನಿಟ್ಟು. ಕ್ರೀಡಾ ವೈದ್ಯರ ಅರ್ಹತಾ ಪತ್ರವಿಲ್ಲದೆ ಅಲ್ಲಿ ಆಡುವಂತೆಯೇ ಇಲ್ಲ. ನಿಷೇಧಿತ ಮದ್ದಿನ ಪಟ್ಟಿ ಬಗ್ಗೆಯೂ ಎಚ್ಚರ. ಗಾಂಜಾವನ್ನು ಎನ್‌ಬಿಎ 2023ರಲ್ಲೂ, ಎನ್‌ಸಿಎಎ ಡಿವಿಷನ್ ಒಂದು 2024ರಲ್ಲೂ ನಿಷೇಧದಿಂದ ತೆಗೆದವು. ಫಿಬಾ ಪಂದ್ಯಗಳಿಗೆ ಅನ್ವಯಿಸುವ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿಯಲ್ಲಿ ಸ್ಪರ್ಧೆಯ ಅವಧಿಗೆ ಅದು ಇನ್ನೂ ನಿಷಿದ್ಧ. ಏಕಾಗ್ರತೆಗೆ ಕೊಡುವ ಆ್ಯಡರಾಲ್ ಮಾತ್ರೆಯೂ ಹಾಗೆಯೇ, ಅದಕ್ಕೆ ಮೊದಲೇ ಚಿಕಿತ್ಸಾ ವಿನಾಯಿತಿ ಪಡೆದಿರಬೇಕು.

ಆಟಕ್ಕೆ ಬಂದರೆ, ಕಾಲೇಜಿನ ಹುಡುಗರು ಮೊದಲ ಮೂರು ವಾರ ಮತ್ತೆ ಮತ್ತೆ ಹಿಡಿಸಿಕೊಳ್ಳುವುದು ಟ್ರಾವೆಲಿಂಗ್‌ನಲ್ಲಿ, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಇಡುವುದರಲ್ಲಿ. ಫಿಬಾ ರೆಫ್ರಿಗಳು ಡ್ರಿಬಲ್ ಶುರುವಾಗುವ ಗಳಿಗೆಯನ್ನೇ ನೋಡುತ್ತಾರೆ. ಪಿವಟ್ ಪಾದ (ಊರಿ ನಿಂತ ಪಾದ) ನೆಲ ಬಿಡುವ ಮೊದಲು ಚೆಂಡು ಕೈ ಬಿಟ್ಟಿರಬೇಕು. ಅಮೆರಿಕದಲ್ಲಿ ಅಭ್ಯಾಸವಾದ, ಮೊದಲು ಪಾದ ಆಮೇಲೆ ಚೆಂಡು ಎನ್ನುವ ವೇಗದ ಮೊದಲ ಹೆಜ್ಜೆ ಇಲ್ಲಿ ಪ್ರತಿ ಸಲವೂ ಶಿಳ್ಳೆ. ಬೇಸಿಗೆಯಲ್ಲೇ ಚೆಂಡನ್ನು ಮೊದಲು ಮುಂದೆ ತಳ್ಳಿ ಹೆಜ್ಜೆ ಇಡುವುದನ್ನು ದಿನಕ್ಕೆ ನೂರು ಸಲವಾದರೂ ಮಾಡಿ ಬನ್ನಿ. ಶಾಟ್ ಗಡಿಯಾರ (ಬುಟ್ಟಿಗೆ ಎಸೆಯಲು ಇರುವ ಸಮಯ) 30 ಸೆಕೆಂಡ್ ಅಲ್ಲ, 24, ಆಕ್ರಮಣದ ರೀಬೌಂಡ್ ನಂತರ 14. ಅರ್ಧ ಅಂಗಳ ದಾಟಲು 10 ಬದಲು 8 ಸೆಕೆಂಡ್. 20 ನಿಮಿಷದ ಎರಡು ಅರ್ಧದ ಬದಲು 10 ನಿಮಿಷದ ನಾಲ್ಕು ಕ್ವಾರ್ಟರ್. ಪ್ರತಿ ಕ್ವಾರ್ಟರ್‌ನಲ್ಲಿ ತಂಡದ 5ನೇ ಫೌಲ್‌ನಿಂದಲೇ ಎರಡು ಫ್ರೀ ಥ್ರೋ. ಟೈಮ್‌ಔಟ್ ಕೇಳುವ ಹಕ್ಕು ಕೋಚ್‌ಗೆ ಮಾತ್ರ, ಮೊದಲರ್ಧದಲ್ಲಿ 2, ಎರಡನೆಯದರಲ್ಲಿ 3. ಕಾಲೇಜಿನಲ್ಲಿ ನೆಲದ ಮೇಲೆ ಚೆಂಡು ಹಿಡಿದು ಬಿದ್ದಾಗ ಟೈಮ್‌ಔಟ್ ಕೂಗುವ ಅಭ್ಯಾಸ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಒಳ ಆಟಗಾರರಿಗೆ ಇನ್ನೂ ದೊಡ್ಡ ಬದಲಾವಣೆ ಇದೆ. ಶಾಟ್ ಆದ ಚೆಂಡು ರಿಮ್‌ಗೆ ತಗುಲಿದ ಕ್ಷಣದಿಂದ ಅದನ್ನು ಯಾರು ಬೇಕಾದರೂ ತಟ್ಟಬಹುದು, ರಿಮ್ ಮೇಲೆ ಉರುಳುತ್ತಿದ್ದರೂ. ಕಾಲೇಜಿನಿಂದ ಬಂದ ಸೆಂಟರ್‌ಗಳು ಕೈ ಕೆಳಗಿಟ್ಟು ಕಾಯುತ್ತಾರೆ, ಎದುರಾಳಿ ತಟ್ಟಿ ತೆಗೆದುಬಿಡುತ್ತಾನೆ ಅಥವಾ ಒಳಗೆ ನೂಕಿಬಿಡುತ್ತಾನೆ. ಇದನ್ನು ಬೇಗ ಕಲಿತ ಎತ್ತರದ ಆಟಗಾರನಿಗೆ ಪಂದ್ಯಕ್ಕೆ ಎರಡು ಮೂರು ಅಂಕ ಪುಕ್ಕಟೆ. ಮೂರಂಕದ ಗೆರೆ ಮಾತ್ರ ಒಂದೇ: 6.75 ಮೀಟರ್, ಪುರುಷರ ಕಾಲೇಜು ಆಟ 2019-20ರಲ್ಲಿ ಅದೇ ದೂರಕ್ಕೆ ಬಂತು. ಎನ್‌ಬಿಎಯಲ್ಲಿ ಅದು 7.24.

ಮೊದಲ ತಿಂಗಳಲ್ಲಿ ಬೆಳಿಗ್ಗೆ ತೂಕ ಎತ್ತುವುದು ಮತ್ತು ಶೂಟಿಂಗ್, ಸಂಜೆ ತಂಡದ ತಂತ್ರ, ವಾರಕ್ಕೊಂದೆರಡು ಸೌಹಾರ್ದ ಪಂದ್ಯ. ಅವನ್ನು ಲೆಕ್ಕಕ್ಕಿಲ್ಲದವೆಂದು ತಿಳಿಯುವುದು ದುಬಾರಿ, ಯಾರನ್ನು ಯಾವಾಗ ಆಡಿಸಬೇಕೆಂದು ಕೋಚ್ ತೀರ್ಮಾನಿಸುವುದು ಅಲ್ಲೇ. ಋತು ಶುರುವಾದ ಮೇಲೆ ತಂಡ ನಾಲ್ಕೈದು ಪಂದ್ಯ ಸತತವಾಗಿ ಸೋತರೆ ಮೊದಲು ಬದಲಾಗುವುದು ವಿದೇಶಿ ಆಟಗಾರ, ಕೋಚ್ ಅಲ್ಲ. ಆದ್ದರಿಂದಲೇ ಖಾತರಿಯ ಷರತ್ತಿನ ಮೇಲೆ ಅಷ್ಟು ಒತ್ತಿ ಹೇಳಿದ್ದು. 20 ಅಂಕ ಗಳಿಸುತ್ತಾ ರಕ್ಷಣೆ ಬಿಟ್ಟುಕೊಡುವವರಿಗಿಂತ, 12 ಅಂಕದ ಜತೆ ಪಿಕ್ ಅಂಡ್ ರೋಲ್‌ನಲ್ಲಿ ಸರಿಯಾದ ಜಾಗಕ್ಕೆ ಸರಿಯಾದ ಸಮಯಕ್ಕೆ ಬರುವವರು ಉಳಿಯುತ್ತಾರೆ. ಗಾಯವಾದರೆ ಜರ್ಮನಿಯಂಥ ವ್ಯವಸ್ಥೆ ಬೇರೆಡೆ ಕಡಿಮೆ: ಸಂಬಳ ಪಡೆಯುವ ಕ್ರೀಡಾಪಟುವಿನ ಗಾಯವನ್ನು ಕೆಲಸದಲ್ಲಾದ ಅಪಘಾತವೆಂದೇ ಪರಿಗಣಿಸಿ ವಿಬಿಜಿ ಎಂಬ ಶಾಸನಬದ್ಧ ವಿಮೆ ಚಿಕಿತ್ಸೆ, ಪುನಶ್ಚೇತನದ ಖರ್ಚು ಹೊರುತ್ತದೆ. ಕ್ಲಬ್ ನಿಮ್ಮನ್ನು ನೋಂದಾಯಿಸಿದೆಯೇ ಎಂದು ಮೊದಲ ವಾರವೇ ಕೇಳಿ, ಗಾಯವಾದ ದಿನವೇ ವರದಿ ಬರೆಸಿ.

ಮಹಿಳೆಯರ ಕ್ಯಾಲೆಂಡರ್ ಬೇರೆ. ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ ಬೇಸಿಗೆಯಲ್ಲಿ ನಡೆಯುವುದರಿಂದ ಅಲ್ಲಿರುವವರೂ ಚಳಿಗಾಲದಲ್ಲಿ ಟರ್ಕಿ, ಇಟಲಿ, ಚೀನಾ ಕಡೆ ಆಡುವ ಪರಂಪರೆ ಇದೆ. ಪುರುಷರಿಗೆ ಬೇಸಿಗೆಯ ಎರಡನೇ ದುಡಿಮೆಗೆ ಕೆನಡಾದ ಸಿಇಬಿಎಲ್, ಪೋರ್ಟೊ ರಿಕೊ, ನ್ಯೂಜಿಲೆಂಡ್ ಲೀಗುಗಳಿವೆ. ಹೊಸಬರಿಗೆ ಮೊದಲ ಬೇಸಿಗೆಯಲ್ಲಿ ಅದರ ಅಗತ್ಯವಿಲ್ಲ. ಹತ್ತು ತಿಂಗಳ ದಣಿವಿನ ಮೇಲೆ ಇನ್ನೊಂದು ಲೀಗ್ ಆಡಿದ ಮಂಡಿಗಳು ಅಕ್ಟೋಬರ್‌ನಲ್ಲಿ ಲೆಕ್ಕ ಕೇಳುತ್ತವೆ.

ಮೇ ತಿಂಗಳಲ್ಲಿ ಹೊರಡುವ ಮುಂಚೆ ಮಾಡಲೇಬೇಕಾದ ಕೆಲಸಗಳಿವೆ. ಕೊನೆಯ ಕಂತು ಬ್ಯಾಂಕಿಗೆ ಬಂದದ್ದನ್ನು ನೋಡಿ. ಕ್ಲಬ್ ನಿಮ್ಮ ಹೆಸರಿನಲ್ಲಿ ತೆರಿಗೆ ಕಟ್ಟಿದ ಪ್ರಮಾಣಪತ್ರವನ್ನು ಕೈಗೇ ತೆಗೆದುಕೊಳ್ಳಿ. ಅಮೆರಿಕದ ಪೌರರು ಎಲ್ಲಿ ದುಡಿದರೂ ಅಮೆರಿಕದಲ್ಲಿ ತೆರಿಗೆ ರಿಟರ್ನ್ ಸಲ್ಲಿಸಲೇಬೇಕು. ಭಾರತದ ಪೌರರು ಕೆಲಸಕ್ಕಾಗಿ ಹೊರಗೆ ಹೋದ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ದೇಶದಲ್ಲಿದ್ದರೆ ಅನಿವಾಸಿ ಲೆಕ್ಕಕ್ಕೆ ಬರುತ್ತಾರೆ, ಆದ್ದರಿಂದ ಪಾಸ್‌ಪೋರ್ಟ್‌ನ ಮುದ್ರೆಗಳ ಪ್ರತಿ ಇಟ್ಟುಕೊಳ್ಳಿ. ಮನೆಯ ಕೀಲಿ ಕೊಡುವಾಗ ಪ್ರತಿ ಕೋಣೆಯ ಫೋಟೊ ತೆಗೆಯಿರಿ. ಕೊನೆಯ ಸಂಬಳದಿಂದ "ಗೋಡೆ ಹಾಳಾಗಿದೆ" ಎಂದು ಕಳೆಯುವ ಕ್ಲಬ್‌ಗಳಿವೆ. ಋತುವಿನ ಎಲ್ಲ ಪಂದ್ಯಗಳ ವಿಡಿಯೊವನ್ನು ವಿಶ್ಲೇಷಕರಿಂದ ಡ್ರೈವ್‌ಗೆ ಹಾಕಿಸಿಕೊಳ್ಳಿ, ಕ್ಲಬ್ ಖಾತೆ ಮುಚ್ಚಿದ ಮೇಲೆ ಅವು ಸಿಗುವುದಿಲ್ಲ. ಮುಂದಿನ ಒಪ್ಪಂದದ ಮಾತುಕತೆ ಜೂನ್‌ನಲ್ಲಿ ಶುರುವಾಗುವಾಗ ಏಜೆಂಟ್ ಮೊದಲು ಕೇಳುವುದು ಅದನ್ನೇ.